ಒಳಾಂಗಣ ಕ್ರೀಡಾಂಗಣ ಮಳೆಗಾಲಕ್ಕೆ ತಕ್ಕಂತಿರಲಿ

ಮಾನ್ಯರೇ,

ಕಾರವಾರದಿಂದ ಭಟ್ಕಳದವರೆಗೆ ಕಬಡ್ಡಿ, ವಾಲಿಬಾಲ್‌ಗೆ ಬೇಸಿಗೆಯಲ್ಲಿ ಬಯಲೇ ಸಾಕು. ಸೂರು ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೀಗಿರುವಾಗ ಬಯಲುಸೀಮೆಯ ನಕ್ಷೆಯನ್ನೇ ತಂದು ಇಲ್ಲಿ ಒಳಾಂಗಣ ಕ್ರೀಡಾಂಗಣ ಕಟ್ಟಿದರೆ, ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ.

ಮೊದಲು ಕೆಡುವುದು ನೆಲ. ಮರದ ಹಲಗೆ ಅಡಿಯಿಂದ ತೇವ ಹೀರಿದರೆ ಅಂಚು ಮೇಲೆದ್ದು ನಡು ತಗ್ಗುತ್ತದೆ. ಚೆಂಡು ಪುಟಿಯುವುದು ತಪ್ಪುತ್ತದೆ, ಕಾಲು ಉಳುಕುತ್ತದೆ. ಅಂಟಿಸಿದ ಸಿಂಥೆಟಿಕ್ ಹಾಸಾದರೆ ಗುಳ್ಳೆ ಏಳುತ್ತದೆ. ಕಾಂಕ್ರೀಟ್ ಸುರಿಯುವ ಮೊದಲೇ ಅಡಿಯಲ್ಲಿ 250 ಮೈಕ್ರಾನ್ ಪಾಲಿಥಿನ್ ಹಾಳೆ ಹಾಸಬೇಕು. ಹಾಳೆಯ ಮೇಲೆ ಹಾಳೆ 15 ಸೆಂ.ಮೀ. ಬರುವಂತಿಟ್ಟು ಟೇಪ್ ಹಚ್ಚಬೇಕು. 28 ದಿನ ಕಳೆಯಿತೆಂದು ಕಾಂಕ್ರೀಟ್ ಒಣಗಿತೆಂದಲ್ಲ. 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಬಿಗಿದು 16 ಗಂಟೆ ಬಿಡಿ. ಒಳಗೆ ಹನಿಗಟ್ಟಿದರೆ ಅಥವಾ ಕಾಂಕ್ರೀಟ್ ಕಪ್ಪಾದರೆ ಹಾಸು ಅಂಟಿಸಬಾರದು. ಉದ್ಘಾಟನೆಯ ದಿನ ನಿಗದಿಯಾಗಿದ್ದರೂ ಸರಿಯೇ!

ಅಳತೆಯಲ್ಲಿ ಒಂದೆರಡು ಮೀಟರ್ ಉಳಿಸಹೋಗಿ ಆಟವನ್ನೇ ಕಳೆದುಕೊಳ್ಳಬಾರದು. ಬ್ಯಾಸ್ಕೆಟ್‌ಬಾಲ್ ಅಂಕಣ 28×15 ಮೀ.; ಸುತ್ತ 2 ಮೀ. ಬಿಟ್ಟರೆ 32×19. ಆದರೆ 6.1 ಮೀ. ಅಗಲದ ನಾಲ್ಕು ಷಟಲ್ ಅಂಕಣಗಳನ್ನು ಅಡ್ಡಲಾಗಿಟ್ಟು ನಡುವೆ, ಕೊನೆಗೆ 2 ಮೀ. ಜಾಗ ಬಿಡಲು 34.4 ಮೀ. ಬೇಕು. 35×20 ಇಟ್ಟುಕೊಂಡರೆ ವಾಲಿಬಾಲ್, ಕಬಡ್ಡಿ ಎಲ್ಲವೂ ಹಿಡಿಯುತ್ತವೆ. ಎತ್ತರವನ್ನು ಚಾವಣಿಯ ಶೀಟಿನವರೆಗಲ್ಲ, ತೀರಾ ಕೆಳಗಿನ ತೊಲೆಯವರೆಗೆ ಅಳೆಯಬೇಕು. ವಾಲಿಬಾಲ್‌ಗೆ 7 ಮೀ. ಸಾಕು, ಷಟಲ್‌ಗೆ 9 ಮೀ.ಗೆ ಕಡಿಮೆ ಬೇಡ. ದೀಪಗಳು ಅಂಕಣದ ನೆತ್ತಿಯ ಮೇಲಲ್ಲ, ಅಂಕಣಗಳ ನಡುವಿನ ಸಾಲಿನಲ್ಲಿ ಇರಲಿ.

ಕಟ್ಟಡದ ಕಿರಿದಾದ ಗೋಡೆ ಸಮುದ್ರದ ಕಡೆಗಿದ್ದರೆ ಇರಿಚಲು ಕಡಿಮೆ. ಆಗ ಷಟಲ್ ಆಟಗಾರರು ಉತ್ತರ-ದಕ್ಷಿಣಕ್ಕೆ ಮುಖಮಾಡುತ್ತಾರೆ, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಅವರ ಬೆನ್ನ ಹಿಂದಿನ ಗೋಡೆಗೆ ಕಿಟಕಿ ಬೇಡ, ಕಡುಹಸಿರು ಬಣ್ಣವಿರಲಿ. ಉಪ್ಪುಗಾಳಿಗೆ ಶೀಟಿಗಿಂತ ಮೊದಲು ತುಕ್ಕು ಹಿಡಿಯುವುದು ಸ್ಕ್ರೂ. ಅದರ ತೂತಿನಿಂದಲೇ ಅಂಕಣಕ್ಕೆ ಹನಿ ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ರಬ್ಬರ್ ವಾಷರ್ ಎಂದು ಟೆಂಡರಿನಲ್ಲೇ ಬರೆಯಬೇಕು.

ಮದುವೆ, ಸಭೆಗಳಿಗೆ ಬಾಡಿಗೆ ಕೊಡದೆ ವಿದ್ಯುತ್ ಬಿಲ್ಲಿಗೆ ಹಣ ಹುಟ್ಟುವುದಿಲ್ಲ ಎನ್ನುವವರಿದ್ದಾರೆ. ಕೊಡಲಿ, ಆದರೆ ಕುರ್ಚಿಯ ಕಾಲಡಿಗೆ ಪ್ಲೈವುಡ್ ಹಾಸಿ, ಊಟವನ್ನು ಹೊರಗಿಟ್ಟು. ನೆಲಕ್ಕೆ ಎಣ್ಣೆ ಇಳಿದರೆ ಮರುದಿನ ಜಾರಿ ಬೀಳುವವರು ಮಕ್ಕಳು. ಕಬಡ್ಡಿ ಮ್ಯಾಟ್ ಇಡಲು ಗಾಳಿಯಾಡುವ ಕೋಣೆಯೂ ನಕ್ಷೆಯಲ್ಲಿರಲಿ. ಮೆಟ್ಟಿಲ ಕೆಳಗೆ ನೆಲಕ್ಕೇ ಒಟ್ಟಿದ ಮ್ಯಾಟ್ ಒಂದೇ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ.

– ಕೆಲವು ಆಟಗಾರರು ಮತ್ತು ತರಬೇತುದಾರರು, ಕಾರವಾರ