ಸ್ಕ್ಯಾನಿನ ಫೋಟೋ ನೋಡಿ ವಾಟ್ಸಾಪಿನಲ್ಲಿ ಅಭಿಪ್ರಾಯ ಹೇಳುವುದನ್ನು ನಿಲ್ಲಿಸುತ್ತಿದ್ದೇವೆ

ನಮ್ಮ ಸೆಂಟರಿನ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮಾಟುಂಗದ ನಮ್ಮ ಸ್ಕ್ಯಾನ್ ಸೆಂಟರಿಗೆ ಬರುವವರಲ್ಲಿ ತುಂಬಾ ಜನ ನಮ್ಮ ಊರಿನ ಕಡೆಯವರೇ. ಹೋಟೆಲಿನವರು, ಬ್ಯಾಂಕಿನವರು, ಪರೇಲಿನ ಟಾಟಾ ಆಸ್ಪತ್ರೆಗೆಂದು ಬಂದು ನೆಂಟರ ಮನೆಯಲ್ಲಿ ಉಳಿದುಕೊಂಡವರು. ಮುಂಬಯಿಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವ ಡಾಕ್ಟರು ಸಿಕ್ಕರೆ ಧೈರ್ಯ ಬರುತ್ತದೆ, ಅಲ್ವಾ? ಅದಕ್ಕೇ ಬೇರೆ ಕಡೆ ಮಾಡಿಸಿದ ಸ್ಕ್ಯಾನಿನ ಫೋಟೋನೂ ನನಗೆ ಕಳಿಸುತ್ತೀರಿ. "ಡಾಕ್ಟ್ರೇ, ಸುಮ್ನೆ ಒಂದ್ಸಲ ನೋಡಿ ಹೇಳಿ" ಅಂತೀರಿ. ಇಷ್ಟು ವರ್ಷ ಹೇಳುತ್ತಲೂ ಬಂದೆ. ಜುಲೈ 1ರಿಂದ ಹಾಗೆ ಹೇಳುವುದಿಲ್ಲ. ಎರಡನೇ ಅಭಿಪ್ರಾಯ ಬೇಕಿದ್ದರೆ ಖಂಡಿತ ಕೊಡುತ್ತೇವೆ. ಆದರೆ ಪೂರ್ತಿ ಸ್ಕ್ಯಾನ್ ನೋಡಿ, ಬರೆದೇ ಕೊಡುತ್ತೇವೆ.

ಯಾಕೆ ಅಂತ ನೀವು ಕೇಳಬೇಕು, ನಾನು ಹೇಳಬೇಕು.

ಹೋದ ಮಳೆಗಾಲದಲ್ಲಿ ಪರಿಚಯದವರೊಬ್ಬರು ತಮ್ಮ ತಂದೆಯ ಎದೆಯ ಸಿಟಿ ಸ್ಕ್ಯಾನಿನ ನಾಲ್ಕು ಫೋಟೋ ಕಳಿಸಿದರು. ಫಿಲ್ಮನ್ನು ಮನೆಯ ಟ್ಯೂಬ್‌ಲೈಟಿಗೆ ಹಿಡಿದು ತೆಗೆದದ್ದು. ಬಲಗಡೆಯ ಶ್ವಾಸಕೋಶದ ಮೇಲೆ ಟ್ಯೂಬಿನ ಬಿಳಿ ಗೆರೆ ಬಿದ್ದಿತ್ತು. ಮೂಲೆಯಲ್ಲಿ ಫಿಲ್ಮು ಹಿಡಿದವರ ಹೆಬ್ಬೆರಳು. ನಾನು ದಾದರ್ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಾ ನಿಂತಿದ್ದೆ. ಅಲ್ಲೇ ದೊಡ್ಡದು ಮಾಡಿ ನೋಡಿದೆ. "ಹಳೇ ಟಿಬಿಯ ಕಲೆ ಇದ್ದಹಾಗಿದೆ, ಗಾಬರಿ ಬೇಡ" ಎಂದು ಬರೆದೆ. ಅವರಿಗೆ ನೆಮ್ಮದಿಯಾಯಿತು. ಸ್ಕ್ಯಾನ್ ಮಾಡಿಸಿ ಎಂದು ಬರೆದುಕೊಟ್ಟ ಡಾಕ್ಟರು ವಾರದೊಳಗೆ ಬನ್ನಿ ಅಂದಿದ್ದರಂತೆ. ನನ್ನ ಮಾತು ನಂಬಿ ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಕೆಮ್ಮು ಜಾಸ್ತಿಯಾಗಿ ನಮ್ಮಲ್ಲಿಗೆ ಬಂದರು. ಆ ಹಳೇ ಸ್ಕ್ಯಾನಿನ ಪೂರ್ತಿ ಚಿತ್ರಗಳಿದ್ದ ಸಿಡಿಯನ್ನು ಹಾಕಿ ನೋಡಿದೆ. ಕಲೆ ಇದ್ದದ್ದು ನಿಜ. ಆದರೆ ಎಡಗಡೆ, ಹೃದಯದ ಹಿಂದೆ, ಬೇರೆಯೇ ಒಂದು ಗಂಟಿತ್ತು. ನನಗೆ ಬಂದ ನಾಲ್ಕು ಫೋಟೋಗಳಲ್ಲಿ ಆ ಭಾಗವೇ ಇರಲಿಲ್ಲ.

ಈಗ ಅವರಿಗೆ ಚಿಕಿತ್ಸೆ ನಡೆಯುತ್ತಿದೆ. ಎರಡು ತಿಂಗಳು ಕಳೆದುಹೋದದ್ದು ನಾನು ಬರೆದ ಒಂದು ಸಾಲಿನಿಂದ. ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಇದನ್ನು ಬರೆಯುತ್ತಿರುವುದೂ ಅವರ ಒಪ್ಪಿಗೆ ಪಡೆದೇ.

ಎದೆಯ ಒಂದು ಸಿಟಿ ಸ್ಕ್ಯಾನಿನಲ್ಲಿ ತೆಳು ತೆಳುವಾದ ನೂರಾರು ಚಿತ್ರಗಳಿರುತ್ತವೆ. ಫಿಲ್ಮಿನಲ್ಲಿ ಅಚ್ಚಾಗುವುದು ಅದರಲ್ಲಿ ಕೆಲವು ಮಾತ್ರ. ಇನ್ನೊಂದು ವಿಷಯ. ಸಿಟಿ ಯಂತ್ರ ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಕೊಡುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಎಲುಬಿಗೆ 1000ದ ಆಸುಪಾಸು. ಇಷ್ಟೊಂದು ಬಗೆಯ ಬೂದು ಬಣ್ಣವನ್ನು ಕಣ್ಣು ಒಂದೇ ಸಲಕ್ಕೆ ಗುರುತಿಸಲಾರದು. ಅದಕ್ಕೆ ಒಂದೇ ಚಿತ್ರವನ್ನು ಶ್ವಾಸಕೋಶಕ್ಕೆ ಒಂದು ಥರ, ಎಲುಬಿಗೆ ಒಂದು ಥರ, ಮೆತ್ತನೆಯ ಭಾಗಕ್ಕೆ ಇನ್ನೊಂದು ಥರ ಹೊಂದಿಸಿಕೊಂಡು ನೋಡುತ್ತೇವೆ. ಫೋಟೋದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಸಾಲದ್ದಕ್ಕೆ ವಾಟ್ಸಾಪು ಫೋಟೋವನ್ನು ಇನ್ನಷ್ಟು ಕುಗ್ಗಿಸಿ ಕಳಿಸುತ್ತದೆ.

ಬೆನ್ನಿನ ಎಂಆರ್‌ಐ ಕತೆ ಇದಕ್ಕೆ ತಿರುಗುಮುರುಗು. ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್" ಎಂದು ಓದಿ ಆಪರೇಷನ್ನೇ ಆಗಬೇಕೇನೋ ಎಂದು ಹೆದರಿ ಕಳಿಸುತ್ತೀರಿ. ಡಿಸ್ಕು ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ. ಬೆನ್ನುನೋವೇ ಇಲ್ಲದವರ ಎಂಆರ್‌ಐಯಲ್ಲೂ ಅದು ಉಬ್ಬಿರುವುದು ಕಾಣುತ್ತದೆ, ವಯಸ್ಸಾದಂತೆ ಇನ್ನೂ ಜಾಸ್ತಿ. ನಿಮಗೆ ನೋವು ಯಾವ ಕಾಲಿನಲ್ಲಿ, ಜೋಮು ಎಲ್ಲಿಯವರೆಗೆ ಎಂದು ಗೊತ್ತಿಲ್ಲದೆ ಬರೀ ಚಿತ್ರ ನೋಡಿ ನಾನು ಏನು ಹೇಳಿದರೂ ಅದು ಅರ್ಧ ಮಾತೇ.

ಹಾಗಾಗಿ ಇನ್ನು ಮುಂದೆ ಫಿಲ್ಮಿನ ಜೊತೆ ಸಿಡಿಯನ್ನೂ ತನ್ನಿ, ಅಥವಾ ಆಸ್ಪತ್ರೆಯವರು ಕೊಟ್ಟ ಲಿಂಕ್ ಕಳಿಸಿ. ಮೊದಲಿನ ರಿಪೋರ್ಟು, ಡಾಕ್ಟರ ಚೀಟಿ ಬೇಕು. ಹಳೇ ಸ್ಕ್ಯಾನುಗಳಿದ್ದರೆ ದಯವಿಟ್ಟು ಬಿಡಬೇಡಿ. ಒಂದು ಗಂಟು ಎರಡು ವರ್ಷದಿಂದ ಇದ್ದಷ್ಟೇ ಇದೆಯೋ, ಬೆಳೆದಿದೆಯೋ ಎಂಬುದು ಅದರಿಂದಲೇ ಗೊತ್ತಾಗುವುದು. ಕೆಲವರು ಸಿಡಿ ಕೇಳಲು ಹಿಂಜರಿಯುತ್ತಾರೆ. ಅದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲೇ ಇದೆ.

ಎಲ್ಲ ಕೈಗೆ ಬಂದ ಮೇಲೆ ಎರಡು ದಿನದಲ್ಲಿ ಸಹಿ ಹಾಕಿದ ರಿಪೋರ್ಟು ಕೊಡುತ್ತೇವೆ. ಎಕ್ಸ್‌ರೇಗೆ 200 ರೂಪಾಯಿ, ಸಿಟಿ ಮತ್ತು ಎಂಆರ್‌ಐಗೆ 800. ಕೊಡಲು ಕಷ್ಟವಿದ್ದರೆ ಕೌಂಟರಿನಲ್ಲಿ ಒಂದು ಮಾತು ಹೇಳಿ, ಸಾಕು. ಕಾರಣ ಯಾರೂ ಕೇಳುವುದಿಲ್ಲ. ಸೋನೋಗ್ರಫಿಗೆ ಮಾತ್ರ ಈ ವ್ಯವಸ್ಥೆ ಇಲ್ಲ. ಅದನ್ನು ಯಂತ್ರದ ಹಿಡಿಕೆಯನ್ನು ಮೈಮೇಲೆ ಆಡಿಸುತ್ತಾ ನೋಡಬೇಕು. ಬೇರೆಯವರು ನಿಲ್ಲಿಸಿ ತೆಗೆದ ಚಿತ್ರದಿಂದ ತೀರ್ಮಾನ ಹೇಳಲಾಗದು. ಅನುಮಾನವಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ಇನ್ನೊಮ್ಮೆ ಮಾಡಿಸುವುದೇ ದಾರಿ.

ನಮ್ಮ ಓದು ಮೊದಲಿನ ರಿಪೋರ್ಟಿಗಿಂತ ಬೇರೆ ಬಂದರೆ, ನಿಮ್ಮ ಒಪ್ಪಿಗೆ ಪಡೆದು ಅದನ್ನು ಬರೆದ ರೇಡಿಯಾಲಜಿಸ್ಟರಿಗೆ, ಅಂದರೆ ಸ್ಕ್ಯಾನ್ ಓದುವ ಡಾಕ್ಟರಿಗೆ, ಫೋನ್ ಮಾಡುತ್ತೇನೆ. ಅವರಿಗೆ ಗೊತ್ತಿದ್ದ ಯಾವುದೋ ವಿಷಯ ನನಗೆ ಗೊತ್ತಿಲ್ಲದೇ ಇರಬಹುದು. ನಿಜ ಹೇಳಬೇಕೆಂದರೆ, ರಿಪೋರ್ಟು ಅರ್ಥವಾಗದಿದ್ದರೆ ನೀವೂ ಮೊದಲು ಅವರನ್ನೇ ಕೇಳಿ. ಅರ್ಧಕ್ಕರ್ಧ ಸಂಶಯ ಅಲ್ಲೇ ತೀರುತ್ತದೆ.

ಎದೆನೋವು, ಬಾಯಿ ಸೊಟ್ಟಗಾಗುವುದು, ಕೈಕಾಲಿನಲ್ಲಿ ಶಕ್ತಿ ಹೋಗುವುದು, ತಲೆಗೆ ಪೆಟ್ಟು, ಇಂಥದ್ದಕ್ಕೆಲ್ಲ ನಮಗೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ.

ನಮ್ಮಲ್ಲೇ ಮಾಡಿಸಿದ ಸ್ಕ್ಯಾನಿನ ಬಗ್ಗೆ ಮೊದಲಿನಂತೆ ಯಾವಾಗ ಬೇಕಾದರೂ ಬಂದು ಕೇಳಬಹುದು. ದುಡ್ಡಿಲ್ಲ.

ಈ ಪತ್ರ ಬರೆಯುವಾಗ ನನ್ನ ಫೋನಿನಲ್ಲಿ ಹನ್ನೊಂದು ಜನರ ಫೋಟೋಗಳು ಉತ್ತರಕ್ಕೆ ಕಾಯುತ್ತಿವೆ. ಅವರಿಗೆ ಮೆಸೇಜು ಹಾಕುವುದಿಲ್ಲ. ಇವತ್ತು ಸಂಜೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ, ಸಿಡಿ ಎಲ್ಲಿದೆ ಎಂದು ಕೇಳುತ್ತೇನೆ.

ನಿಮ್ಮ,
ರೇಡಿಯಾಲಜಿಸ್ಟ್ ಮತ್ತು ಸೆಂಟರಿನ ಸಿಬ್ಬಂದಿ
ಮಾಟುಂಗ, ಮುಂಬಯಿ