ಎಂ.ಕಾಂ. ಅರ್ಹತೆ: ಭಾಷೆಯ ಅಂಕ ಸೇರಿಸಿಯೋ, ಬಿಟ್ಟೋ?

ಮಾನ್ಯರೇ,

ಬಿ.ಕಾಂ. ಪಾಸಾದರೆ ಎಂ.ಕಾಂ. ಸೀಟು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಹೊಸನಗರ, ಸೊರಬ, ತೀರ್ಥಹಳ್ಳಿ, ಕೊಪ್ಪದ ಕಡೆಯ ಮಕ್ಕಳು ಮಳೆಯಲ್ಲಿ ಎರಡು ಮೂರು ಬಸ್ಸು ಬದಲಿಸಿ ಪ್ರವೇಶಾತಿಗೆ ಬರುತ್ತಾರೆ. ಅವರಲ್ಲಿ ಕೆಲವರು ದಾಖಲೆ ಪರಿಶೀಲನೆಯ ಮೇಜಿನಿಂದಲೇ ವಾಪಸಾಗುತ್ತಾರೆ. ಓದಿನಲ್ಲಿ ಹಿಂದೆ ಬಿದ್ದವರು ಎಂದಲ್ಲ. ಅಧಿಸೂಚನೆಯ ಒಂದು ಸಾಲನ್ನು ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ, ಅಷ್ಟೆ. ‘ಬಿ.ಕಾಂ., ಬಿಬಿಎ ಅಥವಾ ತತ್ಸಮಾನ ಪದವಿಯಲ್ಲಿ ಕನಿಷ್ಠ ಶೇ ಇಷ್ಟು ಅಂಕ’ ಎಂಬುದೇ ಆ ಸಾಲು. ಈ ಕನಿಷ್ಠ ಮಿತಿ ಸಾಮಾನ್ಯವಾಗಿ ಶೇ 45 ಅಥವಾ 50 ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಬಹುತೇಕ ಕಡೆ ಶೇ 5ರ ರಿಯಾಯಿತಿ ಉಂಟು. ಆದರೆ ಯಾವುದರ ಶೇಕಡಾ ಎಂಬುದರಲ್ಲೇ ತೊಡಕು ಇರುವುದು.

ಒಂದು ಅಂಕಪಟ್ಟಿಯನ್ನೇ ಮುಂದಿಟ್ಟುಕೊಂಡು ನೋಡೋಣ. ಆರು ಸೆಮಿಸ್ಟರ್‌ಗೆ ಒಟ್ಟು 3,400 ಅಂಕ ಎಂದಿಟ್ಟುಕೊಳ್ಳಿ. ಅದರಲ್ಲಿ ಎರಡು ಭಾಷೆಗಳು, ನಾಲ್ಕು ಸೆಮಿಸ್ಟರ್, ತಲಾ 100ರಂತೆ 800 ಅಂಕ. ಉಳಿದ 2,600 ವಾಣಿಜ್ಯ ವಿಷಯಗಳದ್ದು. ವಿದ್ಯಾರ್ಥಿನಿ ಭಾಷೆಗಳಲ್ಲಿ 560, ವಾಣಿಜ್ಯದಲ್ಲಿ 1,235 ತೆಗೆದಿದ್ದಾಳೆ. ಎಲ್ಲ ಕೂಡಿಸಿದರೆ 1,795, ಅಂದರೆ ಶೇ 52.79. ಭಾಷೆ ಬಿಟ್ಟರೆ ಶೇ 47.5. ಮಿತಿ ಶೇ 50 ಇದ್ದು, ಭಾಷೆಯನ್ನೂ ಸೇರಿಸಿ ಲೆಕ್ಕ ಹಾಕುವ ಕಡೆ ಅವಳು ಅರ್ಹಳು. ಐಚ್ಛಿಕ, ಅಂದರೆ ವಾಣಿಜ್ಯ ವಿಷಯಗಳನ್ನಷ್ಟೇ ನೋಡುವ ಕಡೆ 65 ಅಂಕ ಕಡಿಮೆ ಬಿದ್ದು ಅರ್ಜಿಯೇ ತಿರಸ್ಕೃತ. ಮಲೆನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಹೆಚ್ಚು ತಾಗುತ್ತದೆ. ಅವರ ಒಟ್ಟು ಶೇಕಡಾವನ್ನು ಎತ್ತಿ ಹಿಡಿದಿರುವುದು ಕನ್ನಡ ಪತ್ರಿಕೆಯಲ್ಲಿ ಬಂದ ಎಂಬತ್ತು ಚಿಲ್ಲರೆ ಅಂಕ. ಅದನ್ನು ತೆಗೆದುಹಾಕಿದ ಕೂಡಲೇ ಕಾರ್ಪೊರೇಟ್ ಅಕೌಂಟಿಂಗ್‌ನ 41, ಸಂಖ್ಯಾಶಾಸ್ತ್ರದ 38 ಎದ್ದು ಕಾಣುತ್ತವೆ.

ಇನ್ನೂ ಒಂದು ಸುತ್ತು ಇದೆ. ಅರ್ಹತೆಗೆ ಒಂದು ಶೇಕಡಾ, ಮೆರಿಟ್ ಪಟ್ಟಿಗೆ ಇನ್ನೊಂದು ಶೇಕಡಾ ಹಿಡಿಯುವ ಪದ್ಧತಿಯೂ ಉಂಟು. ಒಟ್ಟು ಅಂಕದ ಮೇಲೆ ಅರ್ಜಿ ಒಪ್ಪಿ, ಪಟ್ಟಿ ಮಾಡುವಾಗ ಐಚ್ಛಿಕ ವಿಷಯಗಳ ಅಂಕವನ್ನಷ್ಟೇ ತೆಗೆದುಕೊಂಡರೆ ಕ್ರಮಾಂಕ ಮೇಲೆ ಕೆಳಗೆ ಆಗುತ್ತದೆ. ತನಗಿಂತ ಕಡಿಮೆ ಶೇಕಡಾದವರಿಗೆ ಸೀಟು ಹೋಯಿತು ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುವುದು. ಸಂವಿಧಾನ, ಪರಿಸರ ಅಧ್ಯಯನದಂಥ ಕಡ್ಡಾಯ ಪತ್ರಿಕೆಗಳನ್ನು ದರ್ಜೆಗೆ ಲೆಕ್ಕ ಹಿಡಿದಿದ್ದಾರೋ ಇಲ್ಲವೋ ಎಂಬುದನ್ನೂ ಅಂಕಪಟ್ಟಿಯ ಕೆಳಗಿನ ಟಿಪ್ಪಣಿಯಲ್ಲಿ ಓದಿಕೊಳ್ಳಬೇಕು. ಮತ್ತೆ, 49.83 ಇದ್ದರೆ 50 ಎಂದೇ ಎಣಿಸುತ್ತಾರೆ ಎಂಬ ಭರವಸೆ ಬೇಡ. ಅಧಿಸೂಚನೆ ಹಾಗೆಂದು ಬಾಯಿಬಿಟ್ಟು ಹೇಳದ ಹೊರತು ಅದು 49.83ಯೇ.

2021-22ರಿಂದ 2023-24ರವರೆಗೆ ಪದವಿಗೆ ಸೇರಿದವರು ಹೊಸ ಶಿಕ್ಷಣ ನೀತಿಯ ಪಠ್ಯಕ್ರಮದವರು. ಅವರ ಕೈಯಲ್ಲಿರುವುದು ಎಸ್‌ಜಿಪಿಎ (ಒಂದು ಸೆಮಿಸ್ಟರ್‌ನ ಗ್ರೇಡ್ ಸರಾಸರಿ), ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಗ್ರೇಡ್ ಸರಾಸರಿ) ಇರುವ ಪಟ್ಟಿ. ಓಪನ್ ಎಲೆಕ್ಟಿವ್, ಕೌಶಲ ಪತ್ರಿಕೆ ಎಲ್ಲ ಅದರಲ್ಲೇ ಸೇರಿವೆ. ರಾಜ್ಯ ಸರ್ಕಾರ 2024-25ರಿಂದ ಮೂರು ವರ್ಷದ ಪದವಿಗೇ ಮರಳಿದ್ದರಿಂದ, ಇನ್ನು ಕೆಲವು ವರ್ಷ ಒಂದೇ ಕೌಂಟರಿಗೆ ಎರಡು ಮೂರು ಬಗೆಯ ಅಂಕಪಟ್ಟಿಗಳು ಬರುತ್ತವೆ. ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸುವ ಸೂತ್ರ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಒಂದೇ ಅಲ್ಲ. ಹತ್ತರಿಂದ ಗುಣಿಸಿ ಅರ್ಜಿಯಲ್ಲಿ ತುಂಬಿಬಿಡುವುದು ಸೈಬರ್ ಸೆಂಟರ್‌ಗಳ ರೂಢಿ. ಬೇರೆ ವಿಶ್ವವಿದ್ಯಾಲಯದಿಂದ ಬಂದವರ ಅರ್ಜಿ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಇದರಿಂದಲೇ. ಪದವಿ ಕೊಟ್ಟ ವಿಶ್ವವಿದ್ಯಾಲಯದ ಪರೀಕ್ಷಾಂಗದಿಂದ ಪರಿವರ್ತನಾ ಪತ್ರವನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕನೇ ವರ್ಷ ಆನರ್ಸ್ ಮಾಡಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಪದವಿಗೆ ಯುಜಿಸಿ ಚೌಕಟ್ಟಿನಲ್ಲಿ ಅವಕಾಶವಿದೆ. ಆದರೆ ಆ ಕೋರ್ಸನ್ನು ನಡೆಸುವ ವಿಶ್ವವಿದ್ಯಾಲಯ ಸಿಗಬೇಕಲ್ಲ!

ಬಿಬಿಎ ಮಾಡಿದವರ ತೊಂದರೆ ಬೇರೆ. ಸೀಟು ಸಿಗುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಬಿ.ಕಾಂ.ನವರು ಫೈನಾನ್ಶಿಯಲ್ ಅಕೌಂಟಿಂಗ್, ಕಾರ್ಪೊರೇಟ್ ಅಕೌಂಟಿಂಗ್, ಕಾಸ್ಟಿಂಗ್, ಆದಾಯ ತೆರಿಗೆ, ಆಡಿಟಿಂಗ್ ಎಂದು ಮೂರು ವರ್ಷವೂ ಲೆಕ್ಕದಲ್ಲೇ ಕಳೆದಿರುತ್ತಾರೆ. ಬಿಬಿಎಯಲ್ಲಿ ಆ ಜಾಗದ ದೊಡ್ಡ ಪಾಲನ್ನು ಮಾರ್ಕೆಟಿಂಗ್ ಮತ್ತು ಮಾನವ ಸಂಪನ್ಮೂಲ ತಿಂದಿರುತ್ತವೆ. ಎಂ.ಕಾಂ.ಗೆ ಬಂದು ಕನ್ಸಾಲಿಡೇಷನ್ (ಮಾತೃಸಂಸ್ಥೆ, ಅಂಗಸಂಸ್ಥೆಗಳ ಲೆಕ್ಕ ಒಟ್ಟುಗೂಡಿಸುವ) ಲೆಕ್ಕ ಎದುರಾದಾಗ ಇದು ಗೊತ್ತಾಗುತ್ತದೆ. ಸೇರುವ ಮೊದಲೇ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಲು ಒಂದು ಸಣ್ಣ ಲೆಕ್ಕ ಕೊಡುತ್ತೇವೆ. ಅಂಗಸಂಸ್ಥೆಯ ಷೇರು ಬಂಡವಾಳ 10 ಲಕ್ಷ, ಖರೀದಿಯ ದಿನ ರಿಸರ್ವ್ 4 ಲಕ್ಷ ರೂಪಾಯಿ. ಅದರ ಶೇ 80ರಷ್ಟು ಷೇರನ್ನು ಮಾತೃಸಂಸ್ಥೆ 13 ಲಕ್ಷಕ್ಕೆ ಕೊಂಡಿದೆ. ಗುಡ್‌ವಿಲ್, ಅಂದರೆ ನಿವ್ವಳ ಆಸ್ತಿಯ ಪಾಲಿಗಿಂತ ಹೆಚ್ಚು ಕೊಟ್ಟ ಹಣ ಎಷ್ಟು, ಹೊರಗಿನ ಷೇರುದಾರರ ಪಾಲು ಎಷ್ಟು? ನಿವ್ವಳ ಆಸ್ತಿ 14 ಲಕ್ಷ, ಅದರ ಶೇ 80 ಎಂದರೆ 11.2 ಲಕ್ಷ, ಗುಡ್‌ವಿಲ್ 1.8 ಲಕ್ಷ, ಹೊರಗಿನವರ ಪಾಲು 2.8 ಲಕ್ಷ. ಹತ್ತು ನಿಮಿಷದಲ್ಲಿ ಇದು ಬಗೆಹರಿದರೆ ಧೈರ್ಯವಾಗಿ ಸೇರಬಹುದು. 13ರಲ್ಲಿ 14 ಕಳೆಯಲು ಹೊರಟವರು ಪಾಲು ಹಿಡಿಯುವುದನ್ನೇ ಮರೆತವರು. ಅಂಥವರು ರಜೆಯ ಎರಡು ತಿಂಗಳನ್ನು ಬಿ.ಕಾಂ.ನ ಕಾರ್ಪೊರೇಟ್ ಅಕೌಂಟಿಂಗ್ ಪುಸ್ತಕಕ್ಕೆ ಕೊಡಬೇಕು. ಇಂಡ್ ಎಎಸ್ 110, 116ರಂಥ ಲೆಕ್ಕಪತ್ರ ಮಾನದಂಡಗಳೆಲ್ಲ ಆಮೇಲಿನ ಮಾತು. ಅಡಿಕೆ ಮಂಡಿಯಲ್ಲಿ ಕಮಿಷನ್, ಹಮಾಲಿ ಕಳೆದು ಪಟ್ಟಿ ಬರೆದ ಅನುಭವ ಇದ್ದವರಿಗೆ ಜರ್ನಲ್ ಎಂಟ್ರಿ ಬೇಗ ಕೈಗೆ ಹತ್ತುತ್ತದೆ ಎನ್ನುವುದು ನಿಜ. ಆದರೆ ಅಷ್ಟಕ್ಕೆ ಕನ್ಸಾಲಿಡೇಷನ್ ಬರುವುದಿಲ್ಲ.

ದಾಖಲೆಗಳ ಮಾತಿಗೆ ಬಂದರೆ, ಅರ್ಜಿ ಈಗ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಇರುವ ಯುಯುಸಿಎಂಎಸ್ ಜಾಲತಾಣದಲ್ಲಿ. ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿದ್ದು, ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಅಪ್ಪನ ಹೆಸರಾಗಿ ಹಿಂದೆ ನಿಂತಿದ್ದರೆ ಹೆಸರು ತಾಳೆಯಾಗುವುದಿಲ್ಲ. ಆಧಾರ್‌ಗೆ ಜೋಡಿಸಿದ ನಂಬರು ಮನೆಯಲ್ಲಿರುವ ಅಪ್ಪನ ಫೋನಿನದು. ಹೊಸನಗರ ತಾಲ್ಲೂಕಿನ ನಗರ, ಹುಲಿಕಲ್ ಊರುಗಳ ಕಡೆ ಮಳೆಗೆ ಕರೆಂಟು ಹೋದರೆ ಟವರೂ ಹೋಯಿತು, ಒಟಿಪಿಯೂ ಹೋಯಿತು. ಆದ್ದರಿಂದ ಹೆಸರಿನ ತಿದ್ದುಪಡಿ, ಮೊಬೈಲ್ ಬದಲಾವಣೆಯನ್ನು ಐದನೇ ಸೆಮಿಸ್ಟರ್‌ನಲ್ಲೇ ಮುಗಿಸಿಕೊಳ್ಳಬೇಕು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ ಇರಬೇಕು, ಆದಾಯ ಪತ್ರದ ಅವಧಿ ಮುಗಿದಿರಬಾರದು. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಎಂ.ಕಾಂ. ಹೊತ್ತಿಗೆ ಹಳೆಯದಾಗಿರುತ್ತದೆ. ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ಟಿಸಿ ಜೊತೆ ಮೈಗ್ರೇಷನ್ ಪ್ರಮಾಣಪತ್ರವೂ ಬೇಕು. ಅಂಕಪಟ್ಟಿ ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ. ಗ್ರೇಡ್ ವಿವರ ಇರುವುದು ಸಾಮಾನ್ಯವಾಗಿ ಅಲ್ಲೇ. ವಿದ್ಯಾರ್ಥಿವೇತನಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಬರಬೇಕು ಎಂಬ ನೋಂದಣಿ) ಆಗಿರಬೇಕು. ಇವೆರಡೂ ಒಂದೇ ಎಂದುಕೊಂಡವರ ಹಣ ಬರುವುದು ತಡವಾಗುತ್ತದೆ.

ಬ್ಯಾಕ್‌ಲಾಗ್ ಇರುವವರು ಒಂದು ವಿಷಯ ಗಮನಿಸಬೇಕು. ಕೊನೆಯ ಸೆಮಿಸ್ಟರ್ ಫಲಿತಾಂಶ ಬರುವ ಮುನ್ನ ತಾತ್ಕಾಲಿಕವಾಗಿ ಅರ್ಜಿ ತೆಗೆದುಕೊಳ್ಳುವ ಕಡೆಯೂ, ಪ್ರವೇಶದ ದಿನಕ್ಕೆ ಎಲ್ಲ ಸೆಮಿಸ್ಟರ್ ಪಾಸಾಗಿರಬೇಕು ಎಂಬ ಷರತ್ತು ಇರುತ್ತದೆ. ಮರುಮೌಲ್ಯಮಾಪನದ ಫಲಿತಾಂಶ ಕೌನ್ಸೆಲಿಂಗ್ ಮುಗಿದ ಮೇಲೆ ಬಂದರೆ ಸೀಟು ಕೈಬಿಟ್ಟಂತೆಯೇ. ಒಂದೋ ಎರಡೋ ಅಂಕ ಕಡಿಮೆ ಬಿದ್ದವರು ಫಲಿತಾಂಶದ ವಾರದಲ್ಲೇ ಮರುಮೌಲ್ಯಮಾಪನಕ್ಕೆ ಹಣ ಕಟ್ಟಬೇಕು, ಕೊನೆಯ ದಿನಾಂಕ ಕಾಯಬಾರದು.

ಊರಿನಲ್ಲಿ ಸೀಟು ಸಿಗದಿದ್ದರೆ ಬೇರೆ ದಾರಿಗಳಿವೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ ಇದೆ. ವಾಣಿಜ್ಯ ಪತ್ರಿಕೆಯಲ್ಲಿ 75 ಪ್ರಶ್ನೆ, ಸರಿ ಉತ್ತರಕ್ಕೆ 4, ತಪ್ಪಿಗೆ 1 ಅಂಕ ಕಡಿತ, 2025ರಿಂದ ಸಮಯ 90 ನಿಮಿಷ. ಇದಕ್ಕೆ ನೋಂದಣಿ ಆಗುವುದು ಡಿಸೆಂಬರ್, ಜನವರಿ ಸುಮಾರಿಗೆ. ಡಿಗ್ರಿ ಫಲಿತಾಂಶ ಬಂದ ಮೇಲೆ ವಿಚಾರಿಸಿದರೆ ಒಂದು ವರ್ಷ ಹೋದಂತೆ. ಕೆಲಸ ಮಾಡುತ್ತಾ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ, ಆದರೆ ದೂರಶಿಕ್ಷಣಕ್ಕೆ ಈಗ ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ಬ್ಯೂರೊದ ಗುರುತಿನ ಸಂಖ್ಯೆ) ಕಡ್ಡಾಯ. ಸಿಎ ಕಡೆಗೆ ಹೋಗುವವರಿಗೆ ಪದವಿಯ ಮೇಲೆ ನೇರ ಪ್ರವೇಶಕ್ಕೆ ವಾಣಿಜ್ಯ ಪದವೀಧರರಾದರೆ ಶೇ 55, ಇತರರಾದರೆ ಶೇ 60 ಬೇಕು. ವಾಣಿಜ್ಯ ಪದವಿ ಎಂದು ಒಪ್ಪಬೇಕಾದರೆ ಅಕೌಂಟಿಂಗ್, ಆಡಿಟಿಂಗ್, ತೆರಿಗೆ, ಕಾಸ್ಟಿಂಗ್, ಅರ್ಥಶಾಸ್ತ್ರದಂಥ, ಸಿಎ ಸಂಸ್ಥೆಯ ಪಟ್ಟಿಯಲ್ಲಿರುವ ವಿಷಯಗಳಲ್ಲಿ 100 ಅಂಕದ ಕನಿಷ್ಠ ಮೂರು ಪತ್ರಿಕೆ ಓದಿರಬೇಕು. 2021ರಲ್ಲಿ ಯುಜಿಸಿ ಸಿಎ, ಸಿಎಸ್, ಐಸಿಡಬ್ಲ್ಯುಎಗಳನ್ನು ಸ್ನಾತಕೋತ್ತರ ಪದವಿಗೆ ಸಮಾನ ಎಂದು ಒಪ್ಪಿದೆ. ಅಮೆರಿಕದ ಅಕೌಂಟಿಂಗ್ ಮಾಸ್ಟರ್ಸ್‌ಗೆ ನೋಡುವವರಿಗೆ ಅಡ್ಡ ಬರುವುದು ಅಂಕವಲ್ಲ, ನಮ್ಮ ಪದವಿಯ ಮೂರು ವರ್ಷ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಮಿಂಚಂಚೆಯಲ್ಲಿ ಇದನ್ನು ಕೇಳಿಕೊಳ್ಳಬೇಕು.

ಅರ್ಹತೆಯ ಮಿತಿ ಶೇ 45 ಇದೆ ಎಂದು ಎಂ.ಕಾಂ.ನಲ್ಲೂ ಅಷ್ಟರಲ್ಲೇ ಪಾಸಾದರೆ ಮುಂದೆ ಬಾಗಿಲು ಮುಚ್ಚುತ್ತದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್‌ಗೂ ಕೆ-ಸೆಟ್‌ಗೂ ಸ್ನಾತಕೋತ್ತರದಲ್ಲಿ ಶೇ 55 ಬೇಕು, ಮೀಸಲಾತಿಯವರಿಗೆ ಶೇ 50.

ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಮುಂದಿನ ಅಧಿಸೂಚನೆಯಲ್ಲಿ ‘ಶೇ ಇಷ್ಟು ಅಂಕ’ ಎಂಬುದರ ಕೆಳಗೆ, ಭಾಷೆ ಸೇರಿಸಿಯೋ ಬಿಟ್ಟೋ, ಸಿಜಿಪಿಎಗೆ ಯಾವ ಸೂತ್ರ, ಮೆರಿಟ್ ಪಟ್ಟಿಗೆ ಯಾವ ಅಂಕ ಎಂಬುದನ್ನು ಒಂದು ಉದಾಹರಣೆ ಲೆಕ್ಕದ ಸಮೇತ ಕನ್ನಡದಲ್ಲಿ ಅಚ್ಚು ಹಾಕಲಿ. ಭಾರೀ ಮಳೆಗೆ ಜಿಲ್ಲಾಡಳಿತ ಕಾಲೇಜುಗಳಿಗೆ ರಜೆ ಕೊಟ್ಟ ದಿನಗಳನ್ನು ಅರ್ಜಿಯ ಅವಧಿಯಿಂದ ಕಳೆದು, ಅಷ್ಟು ದಿನ ಮುಂದಕ್ಕೆ ಹಾಕಲಿ. ದಾಖಲೆ ಪರಿಶೀಲನೆಯ ಒಂದು ಕೌಂಟರನ್ನು ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಎರಡು ದಿನ ತೆರೆದರೂ ಸಾಕು, ಆ ಕಡೆಯ ಮಕ್ಕಳಿಗೆ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟದವರೆಗೆ ಬಂದು ಹೋಗುವ ಬಸ್ ಚಾರ್ಜು ಉಳಿಯುತ್ತದೆ.

– ಇಬ್ಬರು ನಿವೃತ್ತ ವಾಣಿಜ್ಯ ಉಪನ್ಯಾಸಕರು, ಶಿವಮೊಗ್ಗ