ಅಂಗರಾಜನಿಗೆ, ಗದೆಯ ವಿಚಾರವಾಗಿ

ಪ್ರೀತಿಯ ಅಂಗರಾಜ,

ಚೆನ್ನಾಗಿದ್ದೀಯಾ? ಅಮ್ಮನ ಮಂಡಿನೋವು ಹೇಗಿದೆ? ಕಬ್ಬು ಕಡಿಯೋಕೆ ಆಳು ಸಿಕ್ಕರಾ?

ಭಾನುವಾರ ನೀನು ಫೋನ್ ಮಾಡಿದಾಗ ನಿನ್ನ ಮಗಳು ನಡುವೆ ಕಿತ್ತುಕೊಂಡು ಕೇಳಿದಳಲ್ಲ, "ದೊಡ್ಡಪ್ಪ, ದುರ್ಯೋಧನ ಕೆಟ್ಟವನು ತಾನೇ? ಮತ್ತೆ ನಾಟಕದಲ್ಲಿ ಅವನಿಗೇ ಯಾಕೆ ಎಲ್ಲರೂ ಜಾಸ್ತಿ ವಿಸಿಲ್ ಹಾಕ್ತಾರೆ?" ಅಂತ. ಬರೆದು ಕಳಿಸ್ತೀನಿ ಪುಟ್ಟಿ ಅಂದುಬಿಟ್ಟೆ. ಮೂರು ರಾತ್ರಿಯಿಂದ ಅದೇ ಯೋಚನೆ. ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೈಬೇಡ. ನಮ್ಮ ತಂಡದವರೂ ಓದಲಿ. ಮೂರನೇ ಬೆಲ್ಲಿನ ವಿಷಯ ಮಾತ್ರ ಎತ್ತಲ್ಲ, ಆಣೆ ಆಣೆಯೇ.

ಮಂಡ್ಯ, ತುಮಕೂರು, ಹಾಸನದ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡಿದವರಿಗೆ ಇದು ಗೊತ್ತಿರುವ ಮಾತು. ಪಾತ್ರ ಬೇಕಾದವನು ದುಡ್ಡು ಕಟ್ಟಬೇಕು. ಸೀನರಿ, ಲೈಟು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಹೆಣ್ಣು ಪಾತ್ರದವರ ಖರ್ಚು, ಎಲ್ಲ ಅದರಲ್ಲೇ ಆಗಬೇಕು. 2009ರಲ್ಲಿ ನಾವು ಆಡಿದಾಗ ಕೃಷ್ಣನಿಗೂ ದುರ್ಯೋಧನನಿಗೂ ಎಲ್ಲರಿಗಿಂತ ಜಾಸ್ತಿ ರೇಟು. ದುರ್ಯೋಧನನ ಪಾತ್ರಕ್ಕೆ ನಾನು ಹಸು ಮಾರಿ ಕಟ್ಟಿದೆ. ಧರ್ಮರಾಯನಾಗಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮೇಷ್ಟ್ರೇ ಒಬ್ಬರನ್ನು ಕೈಹಿಡಿದು ಒಪ್ಪಿಸಿದರು, ನೆನಪಿದೆಯಾ?

ಅವತ್ತು ಇದ್ಯಾಕೆ ಹೀಗೆ ಅಂತ ಕೇಳಿದ್ದರೆ ಛಲ ಅನ್ನುತ್ತಿದ್ದೆ. ಪಂಪನೇ ಹೇಳಿಲ್ವಾ, "ಛಲದೊಳ್ ದುರ್ಯೋಧನಂ" ಅಂತ. 941ರಲ್ಲಿ ಬರೆದ ಮಾತನ್ನು ಮೇಷ್ಟ್ರು ಪ್ರಾಕ್ಟೀಸಿಗೆ ಕೂತಾಗಲೆಲ್ಲ ಹೇಳೋರು. ಎದೆ ಉಬ್ಬಿಸಿ ನಡಿ, ನೀನು ಸೋತರೂ ಬಗ್ಗುವವನಲ್ಲ ಅನ್ನೋರು. ನಾನು ಹಾಗೇ ನಡೆದೆ. ಮನೆಯಲ್ಲೂ ಹಾಗೇ ನಡೆದೆ ಅಂತ ಈಗ ಅನಿಸುತ್ತಿದೆ. ಅದು ಆಮೇಲೆ.

ಛಲಕ್ಕೆ ವಿಸಿಲ್ ಬರುತ್ತೆ, ಒಪ್ಪಿದೆ. ಆದರೆ ಬರೀ ಛಲ ಇದ್ದವನ ಮೇಲೆ ಪ್ರೀತಿ ಬರಲ್ಲ ಕಣೋ. ವಜ್ರಮುನಿ ತೆರೆಯ ಮೇಲೆ ಕಣ್ಣು ಕೆಂಪಗೆ ಮಾಡಿ ಗುಡುಗಿದರೆ ನಮ್ಮಜ್ಜಿ ಟೆಂಟಿನಲ್ಲೇ ಶಾಪ ಹಾಕೋಳು. ಎಂಥ ಧ್ವನಿ ಅದು! ಹೆದರಿದೆವು, ಬೆರಗಾದೆವು, ಮನೆಗೆ ಬಂದು ಅವರ ಹಾಗೇ ಮಾತಾಡಿದೆವು. ಅಂಥ ಖಳನ ಸಾವಿಗೆ ಯಾರೂ ಅಳಲಿಲ್ಲ. ದುರ್ಯೋಧನ ತೊಡೆ ಮುರಿದುಕೊಂಡು ಬಿದ್ದರೆ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅವನು ದ್ರೌಪದಿಗೆ ಮಾಡಿದ್ದನ್ನು ಅದೇ ರಾತ್ರಿ ಹನ್ನೊಂದು ಗಂಟೆಗೆ ನೋಡಿದವರೇ ಅವರು.

ಮೊದಲು ನಿನ್ನಿಂದಲೇ ಶುರು ಮಾಡ್ತೀನಿ, ಅಂದರೆ ನೀನು ಆಡಿದ ಕರ್ಣನಿಂದ. ಪಂಪನ ಕರ್ಣ ಒಂದು ಹಳೆಯ ಪ್ರಸಂಗ ನೆನೆಸಿಕೊಳ್ಳುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿ ಪಗಡೆಯಲ್ಲಿ ಸೋತಿದ್ದಾಳೆ. ಸೋತದ್ದನ್ನು ಕೊಡು ಅಂತ ಇವನು ಕಾಡುತ್ತಾನೆ. ಅವಳ ಹಾರ ಹರಿದು ಮುತ್ತು ಚೆಲ್ಲುತ್ತೆ. ದುರ್ಯೋಧನ ಅದನ್ನು ನೋಡುತ್ತಾನೆ. ನೋಡಿದ್ದು ಮುತ್ತು ಚೆಲ್ಲಿಹೋದದ್ದನ್ನು ಮಾತ್ರ. ಬೇರೆ ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ಹೆಂಡತಿಯ ಮೇಲೂ ಗೆಳೆಯನ ಮೇಲೂ ಒಂದು ಎಳೆ ಅನುಮಾನ ಇಲ್ಲ. ತಮ್ಮಂದಿರಷ್ಟು ಹತ್ತಿರದ ಪಾಂಡವರನ್ನು ಒಂದು ದಿನವೂ ನಂಬದವನು ಇವನೇ ಅಲ್ವಾ? ಒಬ್ಬನೇ ಮನುಷ್ಯನಲ್ಲಿ ಇವೆರಡೂ ಇವೆ. ಕೆಟ್ಟವನಿಗೆ ಪ್ರೀತಿಸೋಕೆ ಒಬ್ಬರು ಬೇಕು, ಆ ಪ್ರೀತಿ ನಿಜವಾಗಿರಬೇಕು. ಪುಟ್ಟಿಗೆ ಹೇಳು, ಅವಳ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದ ಅರ್ಧ ರನ್ನನ ಹತ್ತಿರ ಇದೆ. ರನ್ನ ಬಳೆಗಾರರ ಮನೆಯ ಹುಡುಗ, 949ರಲ್ಲಿ ಮುದುವೊಳಲಿನಲ್ಲಿ ಹುಟ್ಟಿದವನು. ಅದು ಈಗಿನ ಮುಧೋಳ. ಅವನ ಗದಾಯುದ್ಧಕ್ಕೆ ಭೀಮನೇ ನಾಯಕ. ಆಶ್ರಯ ಕೊಟ್ಟ ಚಾಲುಕ್ಯ ರಾಜ ಸತ್ಯಾಶ್ರಯನನ್ನೇ ಭೀಮನಿಗೆ ಹೋಲಿಸಿ ಬರೆದ. ಅನ್ನ ಹಾಕಿದ ದೊರೆಯ ಕಥೆ ಅದು. ಅಂಥ ಕಾವ್ಯದಲ್ಲಿ ಅತ್ಯಂತ ಒಳ್ಳೆಯ ಪದ್ಯಗಳು ಯಾರ ಪಾಲಿಗೆ ಹೋದವು ನೋಡು. ದುರ್ಯೋಧನನ ಪಾಲಿಗೆ.

ಯುದ್ಧ ಮುಗಿಯುತ್ತಾ ಬಂದಿದೆ. ಭೀಷ್ಮರನ್ನು ನೋಡಲು ಅವನು ಸಂಜಯನ ಜೊತೆ ರಣರಂಗದಲ್ಲೇ ನಡೆದು ಹೋಗುತ್ತಾನೆ. ಹೆಣಗಳ ನಡುವೆ ದಾರಿ. ಅಭಿಮನ್ಯುವಿನ ಹೆಣ ಕಾಣುತ್ತೆ. ಶತ್ರುವಿನ ಮಗ, ಇವರೇ ಎಲ್ಲ ಸೇರಿ ಕೊಂದ ಹುಡುಗ. ಇವನು ಕೈಮುಗಿದು, ನಿನ್ನ ಸಾಹಸದ ಒಂದು ಚೂರಾದರೂ ಇರುವ ಸಾವು ನಮಗೂ ಬರಲಿ ಅನ್ನುತ್ತಾನೆ. ತನ್ನ ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಲ್ಲುತ್ತಾನೆ. ಅಪ್ಪನಿಗೆ ಮಗ ತರ್ಪಣ ಬಿಡಬೇಕಿತ್ತು, ಈಗ ನಿನಗೆ ನಾನು ಬಿಡುವ ಹಾಗಾಯ್ತಲ್ಲ, ಕ್ರಮ ತಪ್ಪಿಸಿಬಿಟ್ಟೆಯಲ್ಲ ಮಗನೇ ಅನ್ನುತ್ತಾನೆ. ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ರನ್ನ ಅವನ ತಪ್ಪನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿಲ್ಲ. ದ್ರೌಪದಿಯ ಬಿಚ್ಚಿದ ಮುಡಿಯಿಂದಲೇ ಕಥೆಗೆ ಕಾವು ಏರುತ್ತೆ. ಆದರೆ ಬೀಳುವ ಮೊದಲು, ತಾನು ಏನೇನು ಕಳೆದುಕೊಂಡೆ ಅಂತ ಒಂದೊಂದಾಗಿ ನೋಡೋಕೆ ಅವನನ್ನು ಬಿಟ್ಟ. ಅವನು ಸುತ್ತಿ ಹೋಗಲಿಲ್ಲ, ಮುಖ ತಿರುಗಿಸಲಿಲ್ಲ, ನಿಂತು ನೋಡಿದ. ಅವನು ನಮ್ಮವನಾಗುವುದು ಅಲ್ಲೇ.

ಇಲ್ಲಿಗೆ ಉತ್ತರ ಮುಗಿಸಬಹುದಿತ್ತು.

ಆದರೆ ಅದೇ ದಾರಿಯಲ್ಲಿ ದುಶ್ಶಾಸನನ ಹೆಣವೂ ಇದೆ. ಅವನ ಮುಂದೆ ಅಣ್ಣ ಹೇಳುವುದು ಇಷ್ಟು. ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ನೀನು ಆಮೇಲೆ. ಎಲ್ಲದರಲ್ಲೂ ನಾನು ಮುಂದೆ, ನೀನು ಹಿಂದೆ. ಒಂದು ದಿನವೂ ಮೀರಿ ನಡೆಯಲಿಲ್ಲ. ಸಾಯುವಾಗ ಮಾತ್ರ ನನಗಿಂತ ಮೊದಲು ಹೋಗಿಬಿಟ್ಟೆ.

2009ರಲ್ಲಿ ದುಶ್ಶಾಸನ ಆಗಿದ್ದವನು ಯಾರು ಅಂತ ನಿನಗೆ ಗೊತ್ತು. ಇಲ್ಲಿ ಓದುತ್ತಿರುವ ಉಳಿದವರಿಗೂ ಹೇಳಿಬಿಡ್ತೀನಿ. ನನ್ನ ತಮ್ಮ. ಭೀಮ ಅವನನ್ನು ಕೊಂದು ಕುಂಕುಮದ ನೀರು ಎರಚಿ ಹೋದ ಮೇಲೆ, ನಾನು ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುವ ಸಣ್ಣ ಸೀನನ್ನು ಮೇಷ್ಟ್ರು ಸೇರಿಸಿದ್ದರು. ನಾನು ಕಂದಪದ್ಯ ಎಳೆದು ಹಾಡುತ್ತಿದ್ದೆ. ಬೆವರಿಗೆ ಮೀಸೆಯ ಕಪ್ಪು ಕರಗಿ ಒಂದು ಹನಿ ಅವನ ಕೆನ್ನೆಯ ಮೇಲೆ ಬಿತ್ತು. ಅವನು ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ, "ಅಣ್ಣ, ಶ್ರುತಿ ಇಳೀತಾ ಇದೆ, ಏರಿಸು" ಅಂದ. ಏರಿಸಿದೆ. ಒನ್ಸ್ ಮೋರ್ ಬಂತು. ಹದಿನಾರು ಪಿನ್ನು ಚುಚ್ಚಿದ ನೋಟಿನ ಹಾರ ಹಾಕಿದರು. ಅದನ್ನು ತೆಗೆದು ನಾನು ಅವನ ಕೊರಳಿಗೆ ಹಾಕಿದೆ. ಸತ್ತವನು ಎದ್ದು ಕೂತ ಅಂತ ಊರೆಲ್ಲ ನಕ್ಕಿತು.

ಅವನ ಜೊತೆ ನಾನು ಮಾತು ಬಿಟ್ಟು ನಾಲ್ಕು ವರ್ಷ ಆಯ್ತು. ನಾಲೆ ಪಕ್ಕದ ಮೂರೂವರೆ ಗುಂಟೆ. ಅಪ್ಪ ಇದ್ದಾಗ ಬಾಯಿಮಾತಲ್ಲಿ ಅವನಿಗೆ ಅಂದಿದ್ದ ಜಾಗ. ಪಹಣಿ ನನ್ನ ಹೆಸರಲ್ಲಿತ್ತು. ಅವನು ದಾವೆ ಹಾಕಿದ. ನಾನು ಲಾಯರ್ ಹಿಡಿದೆ. ಇದು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಒಂದಿದೆ.

ಮೊದಲನೇ ವರ್ಷವೇ ನನಗೆ ಅನಿಸಿತ್ತು, ಅದು ಅವನದೇ ಅಂತ. ಲಾಯರ ಹತ್ತಿರ ಹೇಳಿಯೂ ಇದ್ದೆ. "ಕೇಸು ಗೆಲ್ಲಿಸಿಕೊಡಿ ಸಾರ್, ಆಮೇಲೆ ನಾನೇ ಕರೆದು ಕೊಡ್ತೀನಿ. ಕೋರ್ಟಿಗೆ ಹೆದರಿ ಕೊಟ್ಟ ಅಂತ ಊರಲ್ಲಿ ಅನಿಸಿಕೊಳ್ಳೋದು ಬೇಡ." ನನಗೆ ಅದು ದೊಡ್ಡ ಮಾತು ಅನಿಸಿತ್ತು. ಗಂಡಸುತನದ ಮಾತು ಅನಿಸಿತ್ತು.

ನಿನ್ನ ಮಗಳಿಗೆ ರಾವಣನ ವಿಚಾರವನ್ನೂ ಬರೆಯೋಣ ಅಂತ ಮೊನ್ನೆ ನಾಗಚಂದ್ರನ ರಾಮಾಯಣ ತೆಗೆದೆ. ಅಭಿನವ ಪಂಪ ಅನ್ನಿಸಿಕೊಂಡ ಅವನ ಈ ಕಾವ್ಯವನ್ನೇ ಪಂಪ ರಾಮಾಯಣ ಅಂತಾರಲ್ಲ, ಅದು. ಅದರ ರಾವಣ ಸೀತೆಯ ಗಟ್ಟಿತನ ನೋಡಿ ಕರಗಿಹೋಗುತ್ತಾನೆ. ಸಮುದ್ರವೂ ಕಾಲ ಕೆಟ್ಟಾಗ ಒಮ್ಮೆ ಎಲ್ಲೆ ಮೀರುತ್ತದಲ್ಲ ಅನ್ನುತ್ತಾನೆ ಕವಿ, ಅವನ ತಪ್ಪಿಗೆ. ರಾವಣನಿಗೆ ನಾಚಿಕೆ ಆಗುತ್ತೆ. ಸೀತೆಯನ್ನು ವಾಪಸ್ ಕೊಡುವುದು ಅಂತ ಮನಸ್ಸಿನಲ್ಲಿ ತೀರ್ಮಾನವೂ ಆಗುತ್ತೆ. ಆದರೆ ಈಗ ಕೊಟ್ಟರೆ ಹೆದರಿ ಕೊಟ್ಟ ಅಂತಾರೆ. ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಗೆದ್ದು, ಆಮೇಲೆ ಕರೆದು ಕೊಡ್ತೀನಿ.

ಆ ಪದ್ಯದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕಾಫಿ ಆರಿಹೋಗಿತ್ತು. ಮಾತು ಮಾತಿಗೂ ನನ್ನದೇ ಮಾತು ಕಣೋ. ಓದುವಾಗ ಆ ರಾವಣನ ಮೇಲೆ ಎಷ್ಟು ಪ್ರೀತಿ ಬಂತು ಅಂದರೆ, ಎದ್ದು ಹೋಗಿ ಹೇಳಬೇಕು ಅನಿಸಿತು. ಕೊಟ್ಟುಬಿಡೋ, ಇವತ್ತೇ ಕೊಟ್ಟುಬಿಡು, ಯಾರು ಏನಂದರೆ ಏನು ಅಂತ. ಅವನು ಕೇಳಲ್ಲ. ಲಂಕೆಯೂ ಉಳಿಯಲ್ಲ.

ಇನ್ನೊಂದು. ಹೋದ ತಿಂಗಳು ತಮ್ಮನಿಗೆ ಎದೆನೋವು ಬಂದು ಮೈಸೂರಿಗೆ ಕರೆದುಕೊಂಡು ಹೋದರು ಅಂತ ನೀನೇ ಫೋನ್ ಮಾಡಿ ಹೇಳಿದೆ. ನಾನು "ಹೌದಾ" ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು ಇಟ್ಟೆ. ಆಮೇಲೆ ನಾನು ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೆ. ಮೈಸೂರಿನ ಬಸ್ಸು ನಿಂತಿತ್ತು, ಕಿಟಕಿ ಪಕ್ಕ ಸೀಟೂ ಇತ್ತು. ಹತ್ತಲಿಲ್ಲ. ನಾನು ಬಂದದ್ದನ್ನು ನೋಡಿ ಸೋತು ಬಂದ ಅಂದುಕೊಂಡರೆ ಅಂತ ವಾಪಸ್ ಬಂದೆ. ಇದನ್ನು ಹೆಂಡತಿಗೂ ಹೇಳಿಲ್ಲ. ದುರ್ಯೋಧನ ಹೆಣಗಳ ನಡುವೆ ನಡೆದ. ನನಗೆ ಬದುಕಿರುವ ತಮ್ಮನ ಮಂಚದವರೆಗೆ ನಡೆಯೋಕೆ ಆಗಲಿಲ್ಲ.

ಸಾಕು. ಮಗುವಿನ ಪ್ರಶ್ನೆಗೆ ಉತ್ತರ ಬರೆಯೋಕೆ ಕೂತವನು ಎಲ್ಲೋ ಹೋದೆ. ಪುಟ್ಟಿಗೆ ದುರ್ಯೋಧನನ ಭಾಗ ಮಾತ್ರ ಓದಿ ಹೇಳು. ವಿಸಿಲ್ ಹಾಕೋಕೆ ಕಲಿಸು ಅಂದಿದ್ದಾಳೆ, ಬಂದಾಗ ಕಲಿಸ್ತೀನಿ. ಎರಡು ಬೆರಳಿಂದಲ್ಲ, ನಮ್ಮ ಹಲಸಿನ ಮರದ ವಿಸಿಲ್ಲು.

ಈಗ ನಿನ್ನ ನಿಜವಾದ ಕೆಲಸಕ್ಕೆ ಬರ್ತೀನಿ. ಶಿವರಾತ್ರಿಗೆ ಹುಡುಗರು ಮತ್ತೆ ಕುರುಕ್ಷೇತ್ರ ಎತ್ತಿದ್ದಾರೆ, ದುರ್ಯೋಧನನಾಗುವ ಹುಡುಗ ನಮ್ಮ ಹಳೇ ಗದೆಯನ್ನೇ ಕೇಳುತ್ತಿದ್ದಾನೆ ಅಂದೆಯಲ್ಲ. ತುಂಬ ಖುಷಿ ಆಯ್ತು. ಬಾಡಿಗೆ ಗದೆಗಳು ಎತ್ತಿದರೆ ಹತ್ತಿಯ ಹಾಗಿರುತ್ತವೆ, ಕೈಗೆ ಗತ್ತೇ ಬರಲ್ಲ. ನಮ್ಮದು ಮರದ್ದು, ಮೇಲೆ ತಗಡು ಹೊಡೆದು ಚಿನ್ನದ ಬಣ್ಣ ಬಳಿದದ್ದು. ಬಣ್ಣ ಬಳಿದವನು ತಮ್ಮ. ಹಿಡಿಯ ಕೆಳಗೆ ನನ್ನ ಹೆಸರಿನ ಮೊದಲ ಅಕ್ಷರ, ಅದರ ಪಕ್ಕ ಅವನದು, ಆಮೇಲೆ ನಿನ್ನದು ಕೊರೆದಿದ್ದಾನೆ.

ಅದು ಹಳೇ ಮನೆಯ ಅಟ್ಟದ ಮೇಲಿದೆ. ಹಳೇ ಮನೆ ಈಗ ಅವನ ಪಾಲಿನಲ್ಲಿದೆ. ನೀನು ಹೋಗಿ ಕೇಳಿದರೂ ಕೊಡ್ತಾನೆ ಅಂತ ಗೊತ್ತು. ನೀನು ಹೋಗಬೇಡ. ಶನಿವಾರ ಬೆಳಗಿನ ರೈಲಿಗೆ ನಾನೇ ಬರ್ತೀನಿ. ಸ್ಟೇಷನ್ನಿಗೆ ಗಾಡಿ ತಗೊಂಡು ಬಾ. ದಾರಿಯಲ್ಲಿ ಏನೂ ಕೇಳಬೇಡ. ಅವನ ಮನೆ ಬಾಗಿಲಲ್ಲಿ ನಿಂತು "ಗದೆ ಬೇಕಿತ್ತು" ಅಂತೀನಿ. ಅಲ್ಲಿಂದ ಮುಂದೆ ನಾಲಿಗೆ ತೊದಲಿದರೆ, ನೀನು ಹಿಂದೆ ನಿಂತು ಶ್ರುತಿ ಹಿಡಿ.

ಅಮ್ಮನಿಗೆ ನಮಸ್ಕಾರ ಹೇಳು. ಮಧ್ಯಾಹ್ನಕ್ಕೆ ಮುದ್ದೆ, ಉಪ್ಸಾರು ಸಾಕು. ಮೂರು ಜನಕ್ಕೆ ಆಗುವಷ್ಟು ಮಾಡಿಸಿರು.

ನಿನ್ನ
ಕೌರವ